ಪ್ರೊಟೆಸ್ಟೆಂಟ್ ಕಾರಿನ ಆದಿತ್ಯವಾರಗಳು

ಡುಗ್ ಡುಗ್ ಡುಗ್, ಪುಸ್. ಡುಗ್ ಡುಗ್, ಪುಸ್ ಪುಸ್. ಆಮೇಲೆ ಇಡೀ ಬಾನೆಟ್ಟು ಚಳಿಜ್ವರ ಬಂದವರ ಹಲ್ಲಿನ ಹಾಗೆ ಕಟಕಟ ಅನ್ನುವುದು. ನನ್ನ ಹುಡುಗಿತನದ ಆದಿತ್ಯವಾರಗಳನ್ನು ನೆನೆಸಿಕೊಂಡರೆ ಇಗರ್ಜಿಯ ಗಂಟೆಗಿಂತ ಮೊದಲು ಕಿವಿಗೆ ಬರುವುದು ಈ ಶಬ್ದ. ಶೆಡ್ಡಿನಲ್ಲಿ ಪಪ್ಪ ಕೋಟಿನ ತೋಳು ಮಡಚಿ ನಿಂತಿರುತ್ತಿದ್ದರು. ಮಮ್ಮಿ ತಲೆಗೆ ವೇಲ್ ಹಾಕಿಕೊಂಡು, ಕೈಯಲ್ಲಿ ಕ್ವಾಯರಿನ ಹಾಡಿನ ಪುಸ್ತಕ ಹಿಡಿದುಕೊಂಡು, ಹಿಂದಿನ ಸೀಟಿನಲ್ಲಿ ಕುಳಿತಲ್ಲೇ ನಡುಗುತ್ತಿದ್ದರು. ಆಗೆಲ್ಲ ಪೂಜೆಯಲ್ಲಿ ಕಮ್ಯೂನಿಯನ್ನಿನ ರೊಟ್ಟಿ ತೆಗೆದುಕೊಳ್ಳಬೇಕಾದರೆ ಬೆಳಿಗ್ಗೆ ಏನೂ ತಿನ್ನುವಂತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಹಾಗೆ ನಡುಗುತ್ತಾ ಕೂರುವುದು ಎಂದರೆ ಯಾರಿಗಾದರೂ ಕೋಪ ಬರುವ ವಿಷಯವೇ.

"ಇದು ಕಾರಾ, ಕಡೆಯುವ ಕಲ್ಲಾ?" ಎಂದು ಮಮ್ಮಿ ಕೇಳುತ್ತಿದ್ದರು.

"ಒನ್ ಮಿನಿಟ್," ಎನ್ನುತ್ತಿದ್ದರು ಪಪ್ಪ, ಬಾನೆಟ್ಟಿನ ಒಳಗಿನಿಂದ.

ಪಪ್ಪನ ಒನ್ ಮಿನಿಟ್ ಮುಗಿಯುವಷ್ಟರಲ್ಲಿ ಇಗರ್ಜಿಯಲ್ಲಿ ಪಾದ್ರಿಗಳು ಆಲ್ಟರಿನ ಮೆಟ್ಟಿಲು ಹತ್ತಿ ಆಗಿರುತ್ತಿತ್ತು.

ನಾವು ಮಂಗಳೂರಿನ ಕೆಥೊಲಿಕರು, ಮನೆಯ ಮಾತು ಕೊಂಕಣಿ. ಪಪ್ಪ ಹೊರಗಿನವರೊಡನೆ ಆಡುತ್ತಿದ್ದದ್ದು ತುಳು. ನಾನು ಶಾಲೆಯಲ್ಲಿ ಸಿಸ್ಟರುಗಳ ಹತ್ತಿರ ಇಂಗ್ಲಿಷ್. ಕನ್ನಡ ನಮಗೆಲ್ಲ ಪೇಪರಿನ, ಪರೀಕ್ಷೆಯ ಭಾಷೆಯಾಗಿತ್ತು. ಈಗ ಈ ವಯಸ್ಸಿನಲ್ಲಿ ಆ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆಯುತ್ತಾ ಕುಳಿತರೆ ಅವರೆಲ್ಲ ಕನ್ನಡದಲ್ಲೇ ಮಾತಾಡಿದ್ದರೇನೋ ಎಂದು ನನಗೇ ಅನಿಸತೊಡಗಿದೆ.

ಕಾರು ನಮ್ಮಲ್ಲಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಪಪ್ಪ ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದರು. ಅಲ್ಲಿಯ ಬಿಳಿಯ ಮ್ಯಾನೇಜರು ಕೆಲಸ ಬಿಟ್ಟು ಊರಿಗೆ ಹೊರಟಾಗ ತಮ್ಮ ಕಾರನ್ನು ಪಪ್ಪನಿಗೆ ಕೊಟ್ಟು ಹೋದರು. ಯುದ್ಧಕ್ಕೆ ಮೊದಲಿನ ಕಪ್ಪು ಇಂಗ್ಲಿಷ್ ಕಾರು. ಅದರ ಬಾನೆಟ್ಟು ಈಗಿನ ಹಾಗೆ ಮುಂದಿನಿಂದ ಏಳುವುದಲ್ಲ. ನಡುವೆ ಕೀಲು, ಎರಡೂ ಬದಿಯಿಂದ ಚಿಟ್ಟೆಯ ರೆಕ್ಕೆಯ ಹಾಗೆ ಎತ್ತಬೇಕು. ಎತ್ತಿದರೆ ಎಂಜಿನ್ನಿನ ತಲೆಯ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ಸಾಲಾಗಿ, ಒಂದೊಂದು ಗುಳಿಯೊಳಗೆ ಒಂದೊಂದು, ಮೊಟ್ಟೆಗಳ ಹಾಗೆ ಕುಳಿತಿರುತ್ತಿದ್ದವು.

ಮಮ್ಮಿಗೆ ಕಾರು ಬೇಡವೇ ಬೇಡ. ಪಪ್ಪನ ತಾಯಿಗೆ, ನಾವು ವಡ್ಲಿಮಾಂಯ್ ಎಂದು ಕರೆಯುತ್ತಿದ್ದ ಅಜ್ಜಿಗೆ, ಬೇರೆಯೇ ಚಿಂತೆ. ಕಾರು ಗೇಟಿನೊಳಗೆ ಬಂದ ದಿನ ಅವರು ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಪ್ರಶ್ನೆ.

"ಆ ದೊರೆ ಯಾವ ಇಗರ್ಜಿಗೆ ಹೋಗ್ತಿದ್ದದ್ದು?"

"ಅವರು ಪ್ರೊಟೆಸ್ಟೆಂಟ್, ಮಾಂಯ್," ಅಂದರು ಪಪ್ಪ.

"ಹಾಗಾದರೆ ಇದೂ ಪ್ರೊಟೆಸ್ಟೆಂಟೇ," ಎಂದು ಹೇಳಿ ವಡ್ಲಿಮಾಂಯ್ ಒಳಗೆ ಹೋದರು. ಪಾದ್ರಿಗಳನ್ನು ಕರೆಸಿ ಕಾರಿಗೆ ಬ್ಲೆಸಿಂಗ್ ಮಾಡಿಸಿದ ಮೇಲೂ ಅವರ ಸಂಶಯ ಪೂರ್ತಿ ಹೋಗಲಿಲ್ಲ.

ಅಣ್ಣಂದಿರಿಬ್ಬರೂ ಬಾಂಬೆಗೆ ಕೆಲಸಕ್ಕೆ ಹೋಗಿ ಆಗಿತ್ತು. ಹಾಗಾಗಿ ಕಾರಿನ ವಿಷಯದಲ್ಲಿ ಪಪ್ಪನಿಗೆ ಇದ್ದ ಅಸಿಸ್ಟೆಂಟ್ ನಾನೊಬ್ಬಳೇ. ಎಂಜಿನ್ ಓಡುತ್ತಿರುವಾಗ ಪಪ್ಪ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಎತ್ತುತ್ತಿದ್ದರು, ಕೈಗೆ ಶಾಕ್ ಹೊಡೆಯದ ಹಾಗೆ ಒಣ ಬಟ್ಟೆ ಸುತ್ತಿಕೊಂಡು. ನಾನು ಅಡುಗೆಮನೆಯ ಮರದ ಸೌಟಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು ಡಾಕ್ಟರ ಹಾಗೆ ಕೇಳಬೇಕು. ವಯರು ಎತ್ತಿದಾಗ ಶಬ್ದ ಕುಗ್ಗಿದರೆ ಆ ಪ್ಲಗ್ಗಿನ ಕೆಳಗಿನ ಸಿಲಿಂಡರ್ ಕೆಲಸ ಮಾಡುತ್ತಿದೆ ಎಂದು ಅರ್ಥ. ಎತ್ತಿದರೂ ಏನೂ ವ್ಯತ್ಯಾಸ ಆಗದಿದ್ದರೆ ಅದು ಮೊದಲೇ ಸತ್ತಿದೆ.

"ಬಾಯೆ, ಚೇಂಜ್ ಆಯ್ತಾ?"

"ಇಲ್ಲ ಪಪ್ಪ."

"ಈಗ?"

"ಈಗ ಆಯ್ತು."

ಟೈಮಿಂಗ್ ಎಂದರೆ ಏನು ಎಂದು ನಾನು ಕೇಳಿದಾಗ ಪಪ್ಪ ಮಮ್ಮಿಯ ಕ್ವಾಯರನ್ನೇ ಉದಾಹರಣೆ ಕೊಟ್ಟರು. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿ ಒತ್ತಿಕೊಂಡು ಬರುವಾಗ ಸರಿಯಾದ ಕ್ಷಣಕ್ಕೆ ಕಿಡಿ ಹಾರಬೇಕು. ಬೇಗ ಹಾರಿದರೆ, ಮಾಸ್ಟರು ಕೈ ಇಳಿಸುವ ಮೊದಲೇ ಒಬ್ಬ ಟೆನರ್ ಹಾಡು ಎತ್ತಿಕೊಂಡ ಹಾಗೆ. ಏರು ಹತ್ತುವಾಗ ಎಂಜಿನ್ ಒಳಗಿನಿಂದ ಟಣಟಣ ಬಡಿಯುತ್ತದೆ. ತಡವಾಗಿ ಹಾರಿದರೆ, ಮುದುಕರ ಹಾಡಿನ ಹಾಗೆ ಎಳೆದುಕೊಂಡು ಹೋಗುತ್ತದೆ, ಬಿಸಿಯಾಗುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕುತ್ತಿಗೆಯ ಸ್ಕ್ರೂ ಸಡಿಲಿಸಿ ಅದನ್ನು ಕೂದಲಿನಷ್ಟು ಈಚೆ, ಕೂದಲಿನಷ್ಟು ಆಚೆ ತಿರುಗಿಸಿದರೆ ಆ ಕ್ಷಣ ಹಿಂದೆ ಮುಂದೆ ಆಗುತ್ತದೆ. ಪಪ್ಪನಿಗೆ ಆ ಕೂದಲಿನಷ್ಟರಲ್ಲೇ ಆನಂದ.

"ಎಂಜಿನ್ ಒಮ್ಮೆ ಹದಕ್ಕೆ ಬರಲಿ," ಎಂದು ಒಂದು ದಿನ ಅವರು ಹೇಳಿದರು, "ಸ್ಟಿಯರಿಂಗ್ ನಿನ್ನ ಕೈಗೆ ಕೊಡ್ತೇನೆ."

ನಮ್ಮ ಬೀದಿಯಲ್ಲಿ ಕಾರು ಬಿಡುವ ಹುಡುಗಿ ಯಾರೂ ಇರಲಿಲ್ಲ. ನಾನು ಆ ಮಾತನ್ನು ಪ್ರೇಯರಿನ ಹಾಗೆ ನೆನಪಿಟ್ಟುಕೊಂಡೆ.

ತೊಂದರೆ ಶುರುವಾದದ್ದು ಒಂದು ಮಳೆಗಾಲದಲ್ಲಿ. ಶನಿವಾರ ಇಡೀ ಮಳೆ ಹೊಡೆದು ಶೆಡ್ಡು ಸೋರಿತು. ಆದಿತ್ಯವಾರ ಎಂಜಿನ್ ಡುಗ್ ಡುಗ್ ಪುಸ್ ಅಂದಿತು. ಪ್ಲಗ್ಗಿನ ಗುಳಿಗಳಲ್ಲಿ ನೀರು. ಪಪ್ಪ ಒರೆಸಿ, ಹಂಚು ಬದಲಿಸಿ, ಕಥೆ ಮುಗಿಯಿತು ಅಂದುಕೊಂಡರು. ಅದರ ಮುಂದಿನ ಆದಿತ್ಯವಾರ ಮತ್ತೆ ಅದೇ ರಾಗ. ಇಗರ್ಜಿಗೆ ಹೊತ್ತಾಗುತ್ತಿತ್ತು, ಮಮ್ಮಿ ಹಿಂದಿನಿಂದ ನಿಟ್ಟುಸಿರು ಬಿಡುತ್ತಿದ್ದರು. ಪಪ್ಪ ಡಿಸ್ಟ್ರಿಬ್ಯೂಟರ್ ತಿರುಗಿಸಿ ತಿರುಗಿಸಿ ಎಂಜಿನ್ ಸಾಯದಷ್ಟು ಮಾಡಿಕೊಂಡು ಹೇಗೋ ಹೊರಟರು. ಸೋಮವಾರ ಆಫೀಸಿಗೆ ಹೋಗುವಾಗ ನಂತೂರಿನ ಏರಿನಲ್ಲಿ ಟಣಟಣ ಬಡಿಯಲು ಶುರು. ಆದಿತ್ಯವಾರ ಮಾಡಿದ್ದನ್ನು ಸೋಮವಾರ ಬಿಚ್ಚಿ ಸರಿಮಾಡುವುದು, ಶನಿವಾರದವರೆಗೆ ಕಾರು ಬೆಣ್ಣೆಯ ಹಾಗೆ ಓಡುವುದು, ಆದಿತ್ಯವಾರ ಮತ್ತೆ ಚಳಿಜ್ವರ. ಹೀಗೇ ನಡೆಯಿತು.

ನಂತೂರಿನಲ್ಲಿ ಈಗ ರಸ್ತೆ ದಾಟಬೇಕಾದರೆ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದುಕೊಳ್ಳಬೇಕು. ಆಗ ಆ ಏರಿನ ಬದಿಯಲ್ಲಿ ಒಂದು ಹಲಸಿನ ಮರ, ಅದರ ಕೆಳಗೆ ತೆಂಗಿನ ಮಡಲು ಹೊದೆಸಿದ ಒಂದು ಗ್ಯಾರೇಜು. ಅದರ ಯಜಮಾನ ಬ್ಯಾರಿ ಮೇಸ್ತ್ರಿ, ನಮ್ಮ ಕರಾವಳಿಯ ಮುಸ್ಲಿಮರು, ಪಪ್ಪನಿಗಿಂತ ಸ್ವಲ್ಪ ದೊಡ್ಡವರು, ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿದವರು. ಅವರಿಗೂ ಪಪ್ಪನಿಗೂ ಜಗಳವೇ ಗೆಳೆತನ. ತುಳುವರು ನಮ್ಮವರನ್ನು ಪೊರ್ಬುಲು ಎಂದು ಕರೆಯುವ ಹಾಗೆ ಅವರೂ ಪಪ್ಪನನ್ನು ಹಾಗೇ ಕರೆಯುತ್ತಿದ್ದರು.

"ಪೊರ್ಬುಲೇ, ಕಾರಿಗೆ ಏನೂ ಆಗಲಿಲ್ಲ. ಆದದ್ದು ನಿಮ್ಮ ಕೈಗೆ. ಟೈಮಿಂಗ್ ಮುಟ್ಟಬೇಡಿ ಅಂತ ಎಷ್ಟು ಸರ್ತಿ ಹೇಳುವುದು?"

"ನೀನು ಆದಿತ್ಯವಾರ ಬಂದು ಕೇಳು ಮಾರಾಯ. ಪ್ಲಗ್ಗಿನ ಬುಡದಲ್ಲಿ ತೇವ ಉಂಟು."

"ಹಂಚಿನ ಕಾರ್ಖಾನೆಯವರ ಶೆಡ್ಡೇ ಸೋರುವುದಾ?"

"ಸೋರುವುದಿಲ್ಲ! ಹೊಸ ಹಂಚು ಹಾಕಿಸಿದ್ದೇನೆ."

ಮೇಸ್ತ್ರಿ ಒಂದು ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದರು. ಅದರ ಬಿಳಿ ಪಿಂಗಾಣಿಯ ಮೇಲೆ ತೆಳ್ಳಗೆ ಪುಡಿ ಪುಡಿ ಏನೋ ಕಟ್ಟಿತ್ತು. "ನೋಡಿ, ಕಡಲಿನ ಗಾಳಿ," ಅಂದರು. ಮಂಗಳೂರಿನಲ್ಲಿ ತುಕ್ಕಿಗೂ, ಮಂಡಿನೋವಿಗೂ, ಹಪ್ಪಳ ಮೆತ್ತಗಾದದ್ದಕ್ಕೂ ಕಾರಣ ಕಡಲಿನ ಗಾಳಿಯೇ. ಪಪ್ಪ ತಲೆ ಆಡಿಸಿದರು. ಆಮೇಲೆ ಮೇಸ್ತ್ರಿ ನಗುತ್ತಾ ಸೇರಿಸಿದರು: "ಇಲ್ಲದಿದ್ದರೆ ಇನ್ನೊಂದೇ ಉಂಟು. ವಾರ ಇಡೀ ಸರಿ ಇದ್ದು ಆದಿತ್ಯವಾರ ಮಾತ್ರ ಹಠ ಮಾಡ್ತದೆ ಅಂದರೆ, ಇದಕ್ಕೆ ನಿಮ್ಮ ಇಗರ್ಜಿ ಆಗುವುದಿಲ್ಲ."

ಪಪ್ಪ ಈ ಜೋಕನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದರು. ಮಮ್ಮಿ ಕೂಡ ನಕ್ಕರು. ವಡ್ಲಿಮಾಂಯ್ ಮಾತ್ರ ನಗಲಿಲ್ಲ. "ಮೇಸ್ತ್ರಿಗೆ ಗೊತ್ತಾಯ್ತು, ನಿಮಗೆ ಗೊತ್ತಾಗಲಿಲ್ಲ," ಅಂದರು. ಮೀನಿನ ಮುಳ್ಳು ಬಿಡಿಸುವುದರಲ್ಲಿ ನಾವ್ಯಾರೂ ಆ ಮಾತಿಗೆ ಗಮನ ಕೊಡಲಿಲ್ಲ.

ಆಗಸ್ಟಿನಲ್ಲಿ ಒಂದು ಆದಿತ್ಯವಾರ ಕಾರು ನಂತೂರಿನ ಏರಿನ ನಡುವೆಯೇ ನಿಂತುಬಿಟ್ಟಿತು. ಮಮ್ಮಿ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು, ಕೆಸರಿನಲ್ಲಿ, ನಡೆದೇ ಇಗರ್ಜಿಗೆ ಹೋದರು. ಕ್ವಾಯರಿನಲ್ಲಿ ಮುಂದಾಗಿ ಹಾಡು ಎತ್ತಬೇಕಾದವರು ಅವರು. ಅವರು ಮೇಲೆ ತಲುಪುವಾಗ ಮೊದಲಿನ ಹಾಡನ್ನು, ಅವರಿಗೆ ಕಂಡರಾಗದ ಇನ್ನೊಬ್ಬಾಕೆ ಎತ್ತಿ ಮುಗಿಸಿ ಆಗಿತ್ತು. ಮನೆಗೆ ಬಂದು ಮಮ್ಮಿ ಬೊಬ್ಬೆ ಹಾಕಲಿಲ್ಲ. ಮೆತ್ತಗೆ ಹೇಳಿದರು, ಅದೇ ಹೆದರಿಕೆ.

"ಬಂದರಿನ ಬೆಲ್ಲದ ವ್ಯಾಪಾರಿ ಕಾರು ಕೇಳಿದ್ದಾರಲ್ಲ? ತೆನೆ ಹಬ್ಬದ ದಿನ ಇದು ಇನ್ನೊಮ್ಮೆ ನಿಂತರೆ ಅವರಿಗೆ ಕೊಟ್ಟುಬಿಡಿ. ನಾನು ಕೇಳುವುದು ಇಷ್ಟೇ."

ಪಪ್ಪ "ಸರಿ" ಅಂದರು. ಅವರು ಒಮ್ಮೆ ಸರಿ ಅಂದರೆ ಸರಿಯೇ. ತೆನೆ ಹಬ್ಬ, ಅಂದರೆ ಮೇರಿಯಮ್ಮನ ಹುಟ್ಟಿದ ದಿನ, ಸೆಪ್ಟೆಂಬರಿನ ಮೊದಲಿಗೇ. ನನ್ನ ಸ್ಟಿಯರಿಂಗು ಬೆಲ್ಲದ ಮೂಟೆಗಳ ಜೊತೆ ಬಂದರಿಗೆ ಹೋಗುವುದು ನನಗೆ ಕಣ್ಣೆದುರೇ ಕಂಡಿತು.

ಪಪ್ಪ ಮಾಡದೆ ಬಿಟ್ಟದ್ದು ಒಂದೂ ಇಲ್ಲ. ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಎಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿದರು. ಕಿಡಿಯ ಪಾಯಿಂಟುಗಳನ್ನು ಉಜ್ಜಿದರು. ಎಂಜಿನ್ ಎಲ್ಲಾದರೂ ಕಳ್ಳಗಾಳಿ ಎಳೆಯುತ್ತಿದೆಯೋ ಎಂದು ಜೋಡಣೆಗಳ ಮೇಲೆ ಎಣ್ಣೆಯ ಹನಿ ಬಿಟ್ಟು ನೋಡಿದರು. ಎಲ್ಲ ಸರಿ. ಆ ಮುಂದಿನ ಆದಿತ್ಯವಾರ ಕಾರು ಒಂದು ಸಲವೂ ಕೆಮ್ಮದೆ ಇಗರ್ಜಿ ಮುಟ್ಟಿತು. ಪಪ್ಪ ಪೂಜೆ ಮುಗಿಯುವವರೆಗೂ ನಗುತ್ತಿದ್ದರು. ಆ ದಿನ ವಡ್ಲಿಮಾಂಯ್‌ಗೆ ಶೀತಜ್ವರ, ಮಂಚದಿಂದ ಎದ್ದಿರಲಿಲ್ಲ. ಅದರ ಮುಂದಿನ ವಾರ ಅವರು ಎದ್ದರು. ಕಾರು ಮತ್ತೆ ಮಲಗಿತು.

ನನಗೆ ಆಗಲೂ ಹೊಳೆಯಲಿಲ್ಲ. ಆದರೆ ಆ ಬೆಳಿಗ್ಗೆ ಮರದ ಸೌಟು ಹಿಡಿದು ಕೇಳುವಾಗ ಒಂದು ವಿಷಯ ತಲೆಗೆ ಹತ್ತಿತು. ಸತ್ತಿರುವುದು ಯಾವಾಗಲೂ ಮುಂದಿನ ಎರಡು ಸಿಲಿಂಡರುಗಳೇ. ಬಿಳಿ ಪುಡಿ ಕಟ್ಟುವುದೂ ಆ ಎರಡೇ ಪ್ಲಗ್ಗುಗಳಿಗೆ. ಕಡಲಿನ ಗಾಳಿ ಬೀಸಿದರೆ ನಾಲ್ಕಕ್ಕೂ ಬೀಸಬೇಡವೇ? ಅದೂ ಅಲ್ಲದೆ ಆ ವಾರವಿಡೀ ಮಳೆಯೇ ಇರಲಿಲ್ಲ; ಗುಳಿಯಲ್ಲಿ ಮಾತ್ರ ನೀರು.

ಮರುವಾರ ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಜಡೆ ಹಾಕಿಕೊಳ್ಳುತ್ತಿದ್ದೆ. ಶೆಡ್ಡಿನ ಕಡೆಯಿಂದ ಬಾನೆಟ್ಟಿನ ಕೊಕ್ಕೆ ಟಕ್ ಅಂತ ಬಿಚ್ಚಿದ ಶಬ್ದ ಬಂತು. ಪಪ್ಪ ಬಚ್ಚಲಿನಲ್ಲಿದ್ದರು, ನೀರಿನ ಸದ್ದು ಕೇಳುತ್ತಿತ್ತು. ಅರ್ಧ ಜಡೆಯಲ್ಲೇ ಬಗ್ಗಿ ನೋಡಿದೆ.

ವಡ್ಲಿಮಾಂಯ್ ಬಾನೆಟ್ಟಿನ ಒಂದು ರೆಕ್ಕೆ ಎತ್ತಿ ತಲೆಗೆ ಆನಿಸಿಕೊಂಡು ನಿಂತಿದ್ದರು. ಗಿಡ್ಡ ಹೆಂಗಸು, ಮುಂದಿನ ದೀಪದ ಬಳಿ ನಿಂತು ಚಾಚಿದ ಕೈ ಹಿಂದಿನ ಪ್ಲಗ್ಗುಗಳವರೆಗೆ ಹೋಗುತ್ತಿರಲಿಲ್ಲ. ಕೆಮ್ಮಿನ ಔಷಧದ ಹಳೆಯ ಬಾಟಲಿಯಲ್ಲಿ ಇಗರ್ಜಿಯಿಂದ ತಂದಿಟ್ಟ ಹೋಲಿ ವಾಟರ್, ಪಾದ್ರಿಗಳು ಮಂತ್ರಿಸಿದ ನೀರು. ಅದನ್ನು ಹನಿ ಹನಿಯಾಗಿ ಅಲ್ಲ, ಗಿಡಕ್ಕೆ ಎರೆಯುವ ಹಾಗೆ, ಕೈಗೆ ಸಿಕ್ಕಿದ ಎರಡು ಗುಳಿಗಳಿಗೆ ಎರೆಯುತ್ತಿದ್ದರು. ತುಟಿ ಆಡುತ್ತಿತ್ತು. ಎರೆದು, ಎಂಜಿನ್ನಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು, ರೆಕ್ಕೆ ಮುಚ್ಚಿ, ಏನೂ ಆಗದವರ ಹಾಗೆ ಮಲ್ಲಿಗೆ ಕೊಯ್ಯಲು ಹೋದರು.

ಕಾರು ಹಠ ಮಾಡಿದಷ್ಟೂ ಅವರು ಹೆಚ್ಚು ಎರೆದಿದ್ದಾರೆ. ಅವರು ಹೆಚ್ಚು ಎರೆದಷ್ಟೂ ಕಾರು ಹೆಚ್ಚು ಹಠ ಮಾಡಿದೆ.

ಆಗ ನನಗೆ ಎರಡು ಕ್ಲಾಸುಗಳು ಒಟ್ಟಿಗೆ ನೆನಪಿಗೆ ಬಂದವು. ಕೆಟೆಕಿಸಂ ಎಂಬ ಧರ್ಮಪಾಠದ ಕ್ಲಾಸಿನಲ್ಲಿ ಪಾದ್ರಿಗಳು ಹೇಳಿದ್ದು: ನೀರನ್ನು ಮಂತ್ರಿಸುವಾಗ ಅದಕ್ಕೆ ಉಪ್ಪು ಹಾಕುತ್ತಾರೆ. ಸೈನ್ಸ್ ಸಿಸ್ಟರ್ ತೋರಿಸಿದ್ದು: ಬರೀ ನೀರಿನಲ್ಲಿ ಹೊತ್ತದ ಬಲ್ಬು, ಅದಕ್ಕೆ ಉಪ್ಪು ಹಾಕಿ ಕಲಕಿದೊಡನೆ ಹೊತ್ತಿಕೊಂಡದ್ದು. ಉಪ್ಪುನೀರಿನಲ್ಲಿ ಕರೆಂಟು ಓಡುತ್ತದೆ. ಸಿಲಿಂಡರಿನ ಒಳಗೆ ಹಾರಬೇಕಾದ ಕಿಡಿ ಪ್ಲಗ್ಗಿನ ಹೊರಮೈಯಲ್ಲೇ ಇಳಿದು ಹೋಗುತ್ತಿತ್ತು. ನಂತೂರು ಹತ್ತಿ ಎಂಜಿನ್ ಕಾದ ಮೇಲೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಟೈಮಿಂಗ್ ಅನ್ನು ಪಪ್ಪ ಅಷ್ಟರಲ್ಲಿ ತಿರುಗಿಸಿಯಾಗಿರುತ್ತದೆ, ಅದಕ್ಕೇ ಸೋಮವಾರದ ಟಣಟಣ!

ಮಮ್ಮಿಗೆ ಕೇಳದ ಹಾಗೆ ಪಪ್ಪನನ್ನು ಶೆಡ್ಡಿಗೆ ಕರೆದು ಹೇಳಿದೆ. ಪಪ್ಪ ಬೆರಳನ್ನು ಗುಳಿಯಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಮಡ್‌ಗಾರ್ಡಿನ ಮೇಲೆ ಕುಳಿತು, ಸದ್ದು ಹೊರಗೆ ಬಾರದ ಹಾಗೆ ಕರವಸ್ತ್ರ ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಮಮ್ಮಿಗೆ ಹೇಳಬೇಡ," ಅಂದರು ಕೊನೆಗೆ. "ಗೊತ್ತಾದರೆ ಅತ್ತೆಗೂ ಸೊಸೆಗೂ ಮುಖ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ."

"ಹಾಗಾದರೆ ವಡ್ಲಿಮಾಂಯ್‌ಗೆ ಬೇಡ ಅಂತ ಹೇಳ್ತೀರಾ?"

"ಮಾಂಯ್‌ಗೆ? ಹೋಲಿ ವಾಟರ್ ಹಾಕಬೇಡಿ ಅಂತ? ನಾನೂ ಪ್ರೊಟೆಸ್ಟೆಂಟ್ ಆದೆ ಅಂತ ಇಡೀ ಊರಿಗೆ ಗೊತ್ತಾಗ್ತದೆ."

ಒಣ ಬಟ್ಟೆಯಿಂದ ಎರಡೂ ಗುಳಿಗಳನ್ನು ಒರೆಸಿ ಆ ದಿನದ ಮಟ್ಟಿಗೆ ಪಾರಾದೆವು. ಹಬ್ಬ ಹತ್ತಿರ ಬಂದಿತ್ತು. ಹಬ್ಬದ ಬೆಳಿಗ್ಗೆ ವಡ್ಲಿಮಾಂಯ್ ಬಾಟಲಿ ಪೂರ್ತಿ ಸುರಿಯುವವರೇ, ಮಮ್ಮಿಯ ಎದುರು ಒರೆಸುತ್ತಾ ಕೂರುವುದೂ ಆಗದು ಎಂದು ಇಬ್ಬರಿಗೂ ಗೊತ್ತಿತ್ತು.

ಹಬ್ಬಕ್ಕೆ ಮೊದಲಿನ ಸಂಜೆ ಪಪ್ಪ ಮೇಸ್ತ್ರಿಯನ್ನು ಮನೆಗೆ ಕರೆತಂದರು. ದಾರಿಯಲ್ಲಿ ಎಲ್ಲವನ್ನೂ ಹೇಳಿರಬೇಕು, ಮೇಸ್ತ್ರಿಯ ಮುಖ ನಗು ತಡೆದು ತಡೆದು ಕೆಂಪಾಗಿತ್ತು. ಆದರೆ ವಡ್ಲಿಮಾಂಯ್ ಜಗಲಿಗೆ ಬಂದಾಗ ಅವರು ಮಸೀದಿಗೆ ಹೋಗುವವರ ಹಾಗೆ ಗಂಭೀರವಾದರು. ಕಾರಿನ ಸುತ್ತ ನಡೆದರು, ಬಗ್ಗಿ ನೋಡಿದರು, ತಟ್ಟಿದರು.

"ಎಂತ ಮೇಸ್ತ್ರಿ, ಎಂಜಿನ್ನಿನಲ್ಲಿ ಎಂತದೋ ಉಂಟಾ?" ವಡ್ಲಿಮಾಂಯ್ ದನಿ ತಗ್ಗಿಸಿ ಕೇಳಿದರು.

"ಎಂಜಿನ್ನಿನಲ್ಲಿ ಎಂತ ಇರ್ತದೆ ಬಾಯಮ್ಮ? ಅಲ್ಲಿ ಬೆಂಕಿ ಉಂಟು. ಬೆಂಕಿ ಇದ್ದಲ್ಲಿ ಕೆಟ್ಟದ್ದು ನಿಲ್ಲುವುದಿಲ್ಲ. ಗಾಡಿಯನ್ನು ಏರಿಗೆ ತಳ್ಳುವುದು ಯಾವುದು? ಹಿಂದಿನ ಚಕ್ರ. ಕಂಡಕಂಡ ದಾರಿಯ ಮಣ್ಣು ತುಳಿಯುವುದು ಯಾವುದು? ಅದೂ ಹಿಂದಿನ ಚಕ್ರ. ಹೆದರಿಕೆ ಇದ್ದರೆ ಅಲ್ಲಿ."

"ನೀನು ಬೇರೆಯವರಿಗೂ ಹೀಗೇ ಹೇಳ್ತೀಯಾ?"

"ನಮ್ಮಲ್ಲಿ ಗಾಡಿ ತೆಗೆದರೆ ಮಸೀದಿಯ ಉಸ್ತಾದರು ಓದಿ ಊದುವುದು ಹೊರಗಿನಿಂದಲೇ. ಬಾನೆಟ್ ಯಾರೂ ಬಿಚ್ಚುವುದಿಲ್ಲ, ಬಾಯಮ್ಮ."

ವಡ್ಲಿಮಾಂಯ್ ಬಗ್ಗಿ ಹಿಂದಿನ ಚಕ್ರವನ್ನು ನೋಡಿದರು. ಅವರ ಮುಖದಲ್ಲಿ ಇಷ್ಟು ದಿನ ತಪ್ಪಾದ ಜಾಗಕ್ಕೆ ಮದ್ದು ಹಚ್ಚಿದವರ ಬೇಸರ ಇತ್ತು. ಮೇಸ್ತ್ರಿಗೆ ಚಾ ಮಾಡಿಸಿದರು, ಅಲಮಾರಿಯಲ್ಲಿ ನೆಂಟರಿಗೆಂದು ಎತ್ತಿಟ್ಟ ಬಿಸ್ಕತ್ತು ಕೂಡ ಕೊಟ್ಟರು.

ಹಬ್ಬದ ಬೆಳಿಗ್ಗೆ, ಎಲ್ಲರೆದುರೇ, ಅವರು ಬಾಟಲಿ ಹಿಡಿದು ಬಂದು ಹಿಂದಿನ ಎರಡು ಚಕ್ರಗಳಿಗೂ ಧಾರಾಳವಾಗಿ ಎರೆದರು. "ಇದೇನು ಹೊಸದು?" ಎಂದು ಮಮ್ಮಿ ಕೇಳಿದರು. "ಮೇಸ್ತ್ರಿ ಹೇಳಿದ್ದು," ಎಂದು ಪಪ್ಪ ಉತ್ತರ ಕೊಟ್ಟು ಬೇಗ ಕಾರಿನ ಮೂತಿಯ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸಿದರು. ಕಾರು ನಂತೂರು ಹತ್ತಿದ್ದು ಗೊತ್ತೇ ಆಗಲಿಲ್ಲ. ಇಗರ್ಜಿಯ ಹತ್ತಿರ ತೆನೆಯ ಮೆರವಣಿಗೆ ರಸ್ತೆಗೆ ಅಡ್ಡ ಬಂತು; ಮಕ್ಕಳ ಬುಟ್ಟಿಗಳಲ್ಲಿ ಹೂವು, ಹಿಂದೆ ಬ್ಯಾಂಡು. ನಾವು ಕಾರು ನಿಲ್ಲಿಸಿ ಕಾಯಬೇಕಾಯಿತು. ಬ್ಯಾಂಡು ದಾಟಿ ಹೋದ ಮೇಲೆ ಕಾರಿನ ಸದ್ದೇ ಕೇಳದೆ ಮಮ್ಮಿ ಕಣ್ಣು ಮುಚ್ಚಿ ಹೇಳಿದರು:

"ನಿಂತಿತಲ್ಲ! ಪುನಃ ನಿಂತಿತಲ್ಲ!"

ಪಪ್ಪ ಕೆಳಗಿಳಿದು ಅವರ ಬಾಗಿಲು ತೆಗೆದರು. ಕೈ ಹಿಡಿದು ಮುಂದೆ ಕರೆದುಕೊಂಡು ಹೋಗಿ, ಅಂಗೈಯನ್ನು ಬಾನೆಟ್ಟಿನ ಮೇಲೆ ಇಡಿಸಿದರು. ಎಂಜಿನ್ ಓಡುತ್ತಿತ್ತು. ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ. ಮಮ್ಮಿ ಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಿಟ್ಟಿದ್ದರು. ಬೆಲ್ಲದ ವ್ಯಾಪಾರಿಯ ಸುದ್ದಿ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಪಪ್ಪ ಮಾತು ಉಳಿಸಿಕೊಂಡರು. ಮಳೆ ನಿಂತ ಮೇಲೆ ಕುಲಶೇಖರದ ಕಡೆಯ ಖಾಲಿ ರಸ್ತೆಯಲ್ಲಿ ನನಗೆ ಸ್ಟಿಯರಿಂಗ್ ಕೊಟ್ಟರು. ಗೇರ್ ಹಾಕುವಾಗ ಎಂಜಿನ್ ಕಿರುಚಿದರೆ "ಸಾರಿ ಹೇಳು ಅದಕ್ಕೆ" ಎನ್ನುತ್ತಿದ್ದರು, ನಾನು ಹೇಳುತ್ತಿದ್ದೆ. ಕಾಲೇಜು ಮುಗಿಯುವ ಹೊತ್ತಿಗೆ ಮಮ್ಮಿಯನ್ನು ಕ್ವಾಯರ್ ಪ್ರಾಕ್ಟೀಸಿಗೆ ಬಿಡುವ ಕೆಲಸ ನನ್ನದೇ ಆಗಿತ್ತು. ನಂತೂರಿನಲ್ಲಿ ಮೇಸ್ತ್ರಿ ಕೈಯಲ್ಲಿ ಸ್ಪಾನರ್ ಇದ್ದಂತೆಯೇ ಸಲಾಂ ಹೊಡೆದು "ಹಿಂದಿನ ಚಕ್ರ ಹೇಗುಂಟು?" ಎಂದು ಕೂಗುತ್ತಿದ್ದರು. ಮಮ್ಮಿಗೆ ಅದರ ಅರ್ಥ ಕೊನೆಯವರೆಗೂ ಗೊತ್ತಾಗಲಿಲ್ಲ.

ಅರವತ್ತರ ದಶಕದ ಮೊದಲಿನಲ್ಲಿ ನಾನು ಟೀಚರ್ಸ್ ಟ್ರೈನಿಂಗಿಗೆ ಮದ್ರಾಸಿಗೆ ಹೊರಟೆ. ರೈಲ್ವೇ ಸ್ಟೇಷನ್ನಿನವರೆಗೆ ಕಾರು ನಾನೇ ಬಿಡುವುದೆಂದು ಪಪ್ಪ ಪಕ್ಕದ ಸೀಟಿನಲ್ಲಿ ಕುಳಿತಿದ್ದರು. ವಡ್ಲಿಮಾಂಯ್‌ಗೆ ಆಗಲೇ ಸೊಂಟ ಬಗ್ಗಿತ್ತು, ಕಣ್ಣು ಮಂಜಾಗಿತ್ತು. ನಾನು ಮೊದಲ ರಜೆಗೆ ಊರಿಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಆ ಬೆಳಿಗ್ಗೆ ಅದು ಯಾರಿಗೆ ಗೊತ್ತು? ನಾನು ಕೈಗಡಿಯಾರ ನೋಡಿಕೊಂಡು ಚಡಪಡಿಸುತ್ತಿದ್ದೆ. "ವೇಯ್ಟ್," ಅಂದರು ಪಪ್ಪ. ಎಂಜಿನ್ ಮೆತ್ತಗೆ ಓಡುತ್ತಾ ನಿಂತಿತ್ತು. ಎದುರಿನ ಚಿಕ್ಕ ಕನ್ನಡಿಯಲ್ಲಿ ನೋಡಿದೆ. ವಡ್ಲಿಮಾಂಯ್ ಬಾಟಲಿ ಹಿಡಿದು ಒಂದು ಬದಿಗೆ ಬಗ್ಗಿದರು, ಕಾಣಿಸದಾದರು. ಕಾರನ್ನು ಹಿಡಿದುಕೊಂಡೇ ಮೆಲ್ಲಗೆ ಸುತ್ತಿ ಇನ್ನೊಂದು ಬದಿಗೆ ಬಂದರು, ಬಗ್ಗಿದರು, ಮತ್ತೆ ಕಾಣಿಸದಾದರು. ಆಮೇಲೆ ಎದ್ದು ನಿಂತು, ಸೆರಗಿಗೆ ಕೈ ಒರೆಸಿಕೊಂಡು, ಕಾರಿನ ಬೆನ್ನಿಗೆ ಎಮ್ಮೆಯನ್ನು ಅಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಆಯ್ತು. ಇನ್ನು ಹೋಗು."